ಧರ್ಮಾರ್ಥ ದವಾಖಾನೆಯನ್ನು ನಡೆಸುವವರು

ನಮ್ಮ ಕಡೆ ಆಸ್ಪತ್ರೆ ಎಂಬ ಮಾತಿಗಿಂತ ದವಾಖಾನೆ ಎಂಬ ಮಾತೇ ಹೆಚ್ಚು ಬಳಕೆಯಲ್ಲಿದೆ. ದವಾ ಎಂದರೆ ಔಷಧ, ಖಾನೆ ಎಂದರೆ ಮನೆ. ಅರಬ್ಬಿಯಿಂದ ಒಂದು, ಪಾರಸಿಯಿಂದ ಒಂದು ಬಂದು ಕೂಡಿಕೊಂಡ ಈ ಪದ ವಿಜಾಪುರ, ಬಾಗಲಕೋಟೆಗಳ ಸೀಮೆಯಲ್ಲಿ ಮನೆಮಾತೇ ಆಗಿಹೋಗಿದೆ. ಈ ಹೆಸರಿನಲ್ಲಿ ವೈದ್ಯನಿಲ್ಲ, ರೋಗಿಯೂ ಇಲ್ಲ. ಇರುವುದು ಔಷಧ ಮತ್ತು ಮನೆ. ಮನೆ ಎಂದ ಮೇಲೆ ಕಸ ಗುಡಿಸುವವರು ಬೇಕು, ನೀರು ತರುವವರು ಬೇಕು, ಒಲೆ ಹೊತ್ತಿಸುವವರು ಬೇಕು, ಬಂದವರನ್ನು ‘ಬರ್ರಿ, ಕೂಡ್ರಿ’ ಎಂದು ಮಾತಾಡಿಸುವವರು ಬೇಕು. ಅದರ ಹಿಂದೆ ಧರ್ಮಾರ್ಥ ಎಂಬ ವಿಶೇಷಣವೂ ಸೇರಿತೆಂದರೆ ಇಷ್ಟೆಲ್ಲವನ್ನೂ ಕೂಲಿಯ ಮಾತೆತ್ತದೆ ಮಾಡುವವರು ಬೇಕಾಗುತ್ತದೆ. ಅಂಥ ಮನೆಗಳನ್ನು ನಡೆಸಿದ, ಈಗಲೂ ನಡೆಸುತ್ತಿರುವ ಜನರ ವಿಷಯವಾಗಿ ತಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಕರ್ನಾಟಕದಲ್ಲಿ ಇಂಥ ದವಾಖಾನೆಗಳಿಗೆ ಕೊರತೆಯಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಹೆಸರನ್ನು ತಾವೆಲ್ಲ ಕೇಳಿದ್ದೀರಿ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಮೈಸೂರಿನ ವೈದ್ಯವಿದ್ಯಾರ್ಥಿಗಳ ಒಂದು ಗುಂಪು ಹೋಗಿ ನೆಲೆಸಿದ ಕಥೆಯೂ ಪರಿಚಿತವಾದುದೇ. ಇವು ನೆಲೆ ನಿಂತ ದವಾಖಾನೆಗಳು. ಇವುಗಳ ಮೇಲೆ ಬರೆದವರಿದ್ದಾರೆ, ಮಾತನಾಡಿದವರಿದ್ದಾರೆ. ನಾನು ಇಂದು ಎತ್ತಿಕೊಂಡಿರುವುದು ನೆಲೆ ನಿಲ್ಲದ ಒಂದು ದವಾಖಾನೆಯನ್ನು. ಅದು ಊರಿಗೆ ಬಂದು ಹತ್ತು ದಿನವಿದ್ದು, ಹನ್ನೊಂದನೆಯ ದಿನ ಮತ್ತೆ ಶಾಲೆಯೋ ಛತ್ರವೋ ಆಗಿಬಿಡುತ್ತಿತ್ತು. ಕಣ್ಣಿನ ಶಿಬಿರ ಎಂದು ಅದರ ಹೆಸರು. ಇದನ್ನೇ ಏಕೆ ಎತ್ತಿಕೊಂಡೆನೆಂದರೆ, ಇಡೀ ಭರತಖಂಡದಲ್ಲಿ ಆ ಶಿಬಿರಗಳ ಹೆಸರನ್ನು ಎತ್ತಿ ನಿಲ್ಲಿಸಿದವರು ನಮ್ಮ ತಾಲೂಕಿನವರು. ಘಟಪ್ರಭೆಯ ದಂಡೆಯ ನಮ್ಮ ಅನಗವಾಡಿ ಯಾವ ಬೀಳಗಿ ತಾಲೂಕಿಗೆ ಸೇರಿದೆಯೋ ಅದೇ ಬೀಳಗಿಯಲ್ಲಿ 1916ರಲ್ಲಿ ಡಾ. ಮುರುಗಪ್ಪ ಚನ್ನವೀರಪ್ಪ ಮೋದಿಯವರು ಹುಟ್ಟಿದರು.

ಮೋದಿಯವರದು ದೊಡ್ಡ ಹೆಸರು; ಅದನ್ನು ಇಲ್ಲಿ ವಿಸ್ತರಿಸಿ ಹೇಳುವ ಅಗತ್ಯವಿಲ್ಲ. 1943ರಿಂದ ಅವರು ಹಳ್ಳಿಹಳ್ಳಿಗೆ ಹೋಗಿ, ಕಾಸು ಪಡೆಯದೆ, ಕಣ್ಣಿನ ಪೊರೆ ತೆಗೆಯುವ ಕೆಲಸಕ್ಕೆ ನಿಂತರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಜಗತ್ತಿನ ದಾಖಲೆಗಳನ್ನು ಕೂಡಿಹಾಕುವ ಗಿನ್ನೆಸ್ ಪುಸ್ತಕದಲ್ಲಿ ಅವರ ಲೆಕ್ಕ ಅಚ್ಚಾಯಿತು: 1993ರ ಫೆಬ್ರವರಿಯವರೆಗೆ 46,120 ಹಳ್ಳಿಗಳು, ಕಣ್ಣು ತೋರಿಸಿಕೊಂಡವರು 1,21,18,630 ಜನ, ಶಸ್ತ್ರಕ್ರಿಯೆಗಳು 6,10,564, ಒಂದೇ ದಿನದಲ್ಲಿ ಮಾಡಿದ ಪೊರೆಯ ಶಸ್ತ್ರಕ್ರಿಯೆಗಳು 833. 2005ರ ನವೆಂಬರಿನಲ್ಲಿ ಅವರು ತೀರಿಕೊಂಡರು.

ಈ ಅಂಕಿಗಳನ್ನು ಕೇಳಿದವರು ‘ಅಬ್ಬಾ!’ ಎಂದು ಸುಮ್ಮನಾಗುತ್ತಾರೆ. ಮಾಸ್ತರಿಕೆ ಮಾಡಿದ ನನ್ನಂಥವನಿಗೆ ಲೆಕ್ಕ ಕಂಡಲ್ಲಿ ಭಾಗಿಸಿ ನೋಡುವ ಚಪಲ. 833 ಶಸ್ತ್ರಕ್ರಿಯೆಗಳನ್ನು ಹದಿನಾಲ್ಕು ತಾಸುಗಳಿಗೆ ಹಂಚಿದರೆ ಹೆಚ್ಚುಕಡಿಮೆ ಒಂದು ನಿಮಿಷಕ್ಕೆ ಒಂದು ಬೀಳುತ್ತದೆ. ಒಂದು ನಿಮಿಷದಲ್ಲಿ ಒಬ್ಬ ಮುದುಕ ಅಂಗಿಯ ಗುಂಡಿ ಬಿಚ್ಚಲಾರ! ಹಾಗಾದರೆ ಆ ಮುದುಕನನ್ನು ಕರೆತಂದವರು ಯಾರು? ಮುಖ ತೊಳೆಸಿ, ಕಣ್ಣಿಗೆ ಹನಿ ಬಿಟ್ಟು, ಮೇಜಿನ ಮೇಲೆ ಮಲಗಿಸಿ, ‘ಅಲುಗಬ್ಯಾಡ್ರಿ ಅಜ್ಜಾರ’ ಎಂದು ತಲೆ ಹಿಡಿದವರು ಯಾರು? ವೈದ್ಯರ ಕೈ ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುವಷ್ಟರಲ್ಲಿ ಅವನನ್ನು ಎತ್ತಿ ಹಾಸಿಗೆಗೆ ಸೇರಿಸಿದವರು ಯಾರು? ಆ 833ರ ಹಿಂದೆ ಲೆಕ್ಕಕ್ಕೆ ಸಿಗದ ಎಷ್ಟೋ ಕೈಗಳಿದ್ದವೆಂಬುದು ಈ ಭಾಗಾಕಾರದಿಂದಲೇ ತಿಳಿಯುತ್ತದೆ.

ಇನ್ನೊಂದು ಭಾಗಾಕಾರ. ಕಣ್ಣು ತೋರಿಸಿಕೊಂಡವರ ಸಂಖ್ಯೆಯನ್ನು ಶಸ್ತ್ರಕ್ರಿಯೆಗಳ ಸಂಖ್ಯೆಯಿಂದ ಭಾಗಿಸಿದರೆ ಸುಮಾರು ಇಪ್ಪತ್ತು ಬರುತ್ತದೆ. ಎಂದರೆ, ಇಪ್ಪತ್ತು ಜನ ಬಂದರೆ ಹತ್ತೊಂಬತ್ತು ಮಂದಿ ಕತ್ತಿ ಕಾಣದೆ ಹಿಂತಿರುಗಿದರು. ಕೆಲವರಿಗೆ ಕೆಂಗಣ್ಣು, ಕೆಲವರಿಗೆ ಕನ್ನಡಕ ಸಾಕು, ಕೆಲವು ಮಕ್ಕಳಿಗೆ ತಪ್ಪಲುಪಲ್ಯ ತಿನ್ನಿಸಿದರೆ ಸಾಕು, ಕೆಲವರ ಪೊರೆ ಇನ್ನೂ ಹಣ್ಣಾಗಿಲ್ಲ, ಇನ್ನು ಕೆಲವರಿಗೆ ನರವೇ ಸತ್ತು ಯಾವ ವೈದ್ಯನೂ ಏನೂ ಮಾಡಲಾರ. ಈ ಕೊನೆಯವರಿಗೆ ‘ನಿಮಗೆ ಬರುವುದಿಲ್ಲ’ ಎಂಬ ಮಾತನ್ನು ಹೇಳಬೇಕಲ್ಲ! ವೈದ್ಯರು ಚೀಟಿಯ ಮೇಲೆ ಒಂದು ಗುರುತು ಹಾಕಿ ಮುಂದಿನವರನ್ನು ಕರೆಯುತ್ತಿದ್ದರು. ಆ ಗುರುತಿನ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಹೇಳಿ, ಎರಡು ದಿನ ಚಕ್ಕಡಿಯಲ್ಲಿ ಬಂದವರನ್ನು ಸಮಾಧಾನ ಮಾಡಿ ಚಕ್ಕಡಿ ಹತ್ತಿಸುವ ಕೆಲಸ ಊರಿನವರಿಗೆ ಬೀಳುತ್ತಿತ್ತು.

ನಾನು ಹುಡುಗನಾಗಿದ್ದಾಗ, ಎಂದರೆ 1970ರ ದಶಕ ಮುಗಿಯುತ್ತಿದ್ದ ಕಾಲದಲ್ಲಿ, ಇಂಥ ಒಂದು ಶಿಬಿರವನ್ನು ಹತ್ತಿರದಿಂದ ನೋಡಿದೆ. ಅದು ಮೋದಿಯವರ ಶಿಬಿರವಲ್ಲ; ಆ ಮಾದರಿಯನ್ನು ಹಿಡಿದು ಬೇರೆ ವೈದ್ಯರು ನಡೆಸಿದ್ದು. ನಮ್ಮ ಆಯಿಗೆ, ಎಂದರೆ ತಂದೆಯ ತಾಯಿಗೆ, ಎರಡೂ ಕಣ್ಣಿಗೆ ಪರೆ ಬಂದಿತ್ತು. ಅವಳಿಗೆ ಮನೆಯೊಳಗೆ ಎಲ್ಲವೂ ಕೈಗೆ ಗೊತ್ತಿದ್ದವು. ಕೊಟ್ಟಿಗೆಯಿಂದ ಅಡಿಗೆಮನೆಗೆ ಗೋಡೆ ಸವರಿಕೊಂಡು ಬರುವಳು. ಆ ಗೋಡೆಯ ಮೇಲೆ ಅವಳ ಅಂಗೈಯ ಎತ್ತರಕ್ಕೆ ಒಂದು ಜಿಡ್ಡಿನ ಗೆರೆಯೇ ಬಿದ್ದಿತ್ತು. ಮುದಿತನಕ್ಕೆ ಕಣ್ಣು ಹೋಗುವುದು ಕೂದಲು ನೆರೆತಷ್ಟೇ ಸಹಜವೆಂದು ಊರವರೆಲ್ಲ ತಿಳಿದಿದ್ದರು. ಶಿಬಿರದ ಸುದ್ದಿ ತಂದವರು ಸಂತೆಗೆ ಹೋಗಿದ್ದ ಒಬ್ಬ ಬಳೆಗಾರರು.

ಶಿಬಿರ ನಡೆದದ್ದು ಪುಷ್ಯಮಾಸದಲ್ಲಿ. ಚಳಿಗಾಲವನ್ನೇ ಆರಿಸುವುದಕ್ಕೆ ಕಾರಣವಿತ್ತು: ನೊಣ ಕಡಿಮೆ, ಧೂಳು ಕಡಿಮೆ, ಬೆವರು ಇಲ್ಲದ್ದರಿಂದ ಕಟ್ಟಿದ ಪಟ್ಟಿ ತೊಯ್ಯುವುದಿಲ್ಲ. ಬಿಳಿಜೋಳ ಇನ್ನೂ ತೆನೆಯಲ್ಲಿದ್ದು ಸುಗ್ಗಿಯ ಅವಸರವೂ ಇರಲಿಲ್ಲ. ಆದರೆ ಶಾಲೆಗೆ ರಜೆಯಿಲ್ಲದ ಕಾಲ. ಮುಖ್ಯಾಧ್ಯಾಪಕರು ಎರಡು ವಾರ ನಮ್ಮನ್ನು ಬೇವಿನ ಗಿಡದ ಕೆಳಗೆ ಕೂರಿಸಿ ಕೋಣೆಗಳನ್ನು ಬಿಟ್ಟುಕೊಟ್ಟರು. ಹುಡುಗರಾದ ನಮಗೆ ಅದು ಹಬ್ಬ. ಮೇಲಿನವರಿಂದ ಒಪ್ಪಿಗೆಯ ಕಾಗದ ಬರುವ ಮೊದಲೇ ಅವರು ಕೀಲಿಕೈ ಕೊಟ್ಟಿದ್ದರೆಂಬುದು ನನಗೆ ತಿಳಿದದ್ದು ನಾನೂ ಮಾಸ್ತರನಾದ ಮೇಲೆ. ಸರಕಾರಿ ಕಟ್ಟಡದ ಕೀಲಿಕೈ ಎಂದರೇನೆಂದು ಬಲ್ಲವರಿಗೆ ಇದರ ಬೆಲೆ ಗೊತ್ತು.

ಮೊದಲು ಕೋಣೆಗಳಿಗೆ ಸುಣ್ಣ. ಬಳಿಕ ಶಸ್ತ್ರಕ್ರಿಯೆಗೆಂದು ಆರಿಸಿದ ಕೋಣೆಯ ಕಿಡಕಿಗಳಿಗೆ ತೊಳೆದ ಧೋತರ ಬಿಗಿದು, ನೆಲವನ್ನು ಔಷಧದ ನೀರಿನಿಂದ ತಿಕ್ಕಿದರು. ಉಳಿದ ಕೋಣೆಗಳಲ್ಲಿ ಭತ್ತದ ಹುಲ್ಲು ಹಾಸಿ ಅದರ ಮೇಲೆ ಜಮಖಾನೆ. ಜಮಖಾನೆಗಳು ಮದುವೆಮನೆಗಳಿಗೆ ಬಾಡಿಗೆ ಕೊಡುವವರು ಪುಕ್ಕಟೆ ಕೊಟ್ಟವು. ಉಪಕರಣಗಳನ್ನು ಕುದಿಸಲು ಎರಡು ಸೀಮೆಎಣ್ಣೆಯ ಸ್ಟೋವ್‌ಗಳಿದ್ದವು. ಅವು ಆರದಂತೆ ಗಾಳಿ ಹಾಕುವ ಕೆಲಸಕ್ಕೇ ಒಬ್ಬನನ್ನು ನೇಮಿಸಿದ್ದರು. ಹೆಸರು ಬರೆದುಕೊಳ್ಳುವವರು ಮಾಸ್ತರರು. ಪ್ರತಿಯೊಬ್ಬರ ಹಣೆಗೂ ಅಂಟುಪಟ್ಟಿಯ ಒಂದು ತುಂಡು, ಅದರ ಮೇಲೆ ನಂಬರು, ಬಲಗಣ್ಣೋ ಎಡಗಣ್ಣೋ ಎಂಬ ಗುರುತು. ಈ ಒಂದು ಅಕ್ಷರ ತಪ್ಪಿದರೆ ಆಗುವ ಅನರ್ಥವನ್ನು ನೆನೆಯಿರಿ. ಆದ್ದರಿಂದ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ, ರೋಗಿಯ ಕೈಯಿಂದಲೇ ಆ ಕಣ್ಣನ್ನು ಮುಟ್ಟಿಸಿ ನೋಡುತ್ತಿದ್ದರು. ಕ್ಷೌರದವರು ರೆಪ್ಪೆಯ ಕೂದಲು ಕತ್ತರಿಸುವುದಕ್ಕೆ ಬಂದಿದ್ದರು. ಒಂದು ಪೈ ತೆಗೆದುಕೊಳ್ಳಲಿಲ್ಲ. ‘ಗಡ್ಡಕ್ಕ ರೊಕ್ಕ ಉಂಟು, ಕಣ್ಣಿಗೆಲ್ಲಿಂದು?’ ಎಂದರಂತೆ.

ಕಣ್ಣಿನ ಪೊರೆ ಎಂದೆ. ಇಲ್ಲಿ ಪಂಡಿತನೊಬ್ಬನ ಅಡ್ಡಮಾತಿಗೆ ಅವಕಾಶ ಕೊಡಿ. ನಾಮಪದವಾಗಿ ಪೊರೆ ಎಂದರೆ ತೆಳುವಾದ ಹೊದಿಕೆ. ಹಾವು ಬಿಡುವುದೂ ಪೊರೆಯೇ. ಕ್ರಿಯಾಪದವಾಗಿ ಪೊರೆ ಎಂದರೆ ಕಾಪಾಡು, ಸಲಹು. ಈ ಎರಡಕ್ಕೂ ಮೂಲದಲ್ಲಿ ನಂಟುಂಟೋ ಇಲ್ಲವೋ ಎಂಬ ಚರ್ಚೆ ಭಾಷಾಶಾಸ್ತ್ರಜ್ಞರಿಗಿರಲಿ. ಶಿಬಿರದಲ್ಲಿ ಮಾತ್ರ ಎರಡೂ ಕೆಲಸ ಒಂದೇ ಸೂರಿನಡಿ ನಡೆಯುತ್ತಿದ್ದವು: ಮೊದಲನೆಯದಕ್ಕೆ ಕೆಲವು ನಿಮಿಷ, ಎರಡನೆಯದಕ್ಕೆ ಹತ್ತು ಹಗಲು ಹತ್ತು ರಾತ್ರಿ.

ಆ ಕಾಲದ ಶಸ್ತ್ರಕ್ರಿಯೆಯ ರೀತಿಯನ್ನು ತಿಳಿದರೆ ಈ ಹತ್ತು ದಿನಗಳ ಬಿಗಿ ಅರ್ಥವಾಗುತ್ತದೆ. ಕರಿಯ ಗುಡ್ಡೆಯ ಅಂಚನ್ನು ಅರ್ಧಕ್ಕರ್ಧ ಕೊಯ್ದು, ಮಂಜಾದ ಮಸೂರವನ್ನು ಅದರ ಚೀಲಸಮೇತ ಹೊರಕ್ಕೆ ತೆಗೆಯುತ್ತಿದ್ದರು. ಹೊಲಿಗೆ ಹಾಕಿದರೆ ಒಂದೋ ಎರಡೋ. ಎಷ್ಟೋ ಕಡೆ ಅದೂ ಇಲ್ಲ. ಗಾಯ ತಾನಾಗಿ ಕೂಡಿಕೊಳ್ಳಬೇಕು. ಆವರೆಗೆ ಜೋರಾಗಿ ಕೆಮ್ಮಬಾರದು, ಸೀನಬಾರದು, ಮುಕ್ಕರಿಯಬಾರದು, ಬಾಗಬಾರದು, ಗಟ್ಟಿ ಪದಾರ್ಥ ಅಗಿಯಬಾರದು. ಒಂದು ಸೀನಿಗೆ ಕಣ್ಣಿನೊಳಗಿನ ದ್ರವ ಹೊರಗೆ ಬಂದು ಕಣ್ಣೇ ಹೋದ ಉದಾಹರಣೆಗಳಿದ್ದವು. ನಮ್ಮ ಮುದುಕರಿಗೋ ನಶ್ಯ ಬಿಟ್ಟರೆ ಪ್ರಾಣ ಬಿಟ್ಟಂತೆ. ಶಿಬಿರದ ಮೊದಲ ದಿನವೇ ಸ್ವಯಂಸೇವಕರು ಎಲ್ಲರ ಗಂಟು ಬಿಚ್ಚಿಸಿ ನಶ್ಯದ ಡಬ್ಬಿಗಳನ್ನು ವಶಪಡಿಸಿಕೊಂಡು, ಒಂದು ಬುಟ್ಟಿಯಲ್ಲಿ ಹೆಸರು ಬರೆದಿಟ್ಟರು. ಆದರೂ ಸೊಂಟದ ಮಡಿಕೆಯಲ್ಲಿ, ಪಟಕಾದ ಸುತ್ತಿನಲ್ಲಿ ಅಡಗಿಸಿಟ್ಟವರು ಕೆಲವರು. ರಾತ್ರಿ ಎಲ್ಲಿಂದಾದರೂ ಒಂದು ಸೀನು ಕೇಳಿಸಿತೆಂದರೆ ಕಾವಲಿಗಿದ್ದವರು ಕಂದೀಲು ಹಿಡಿದು ಓಡುತ್ತಿದ್ದರು.

ಊಟದ್ದು ಇನ್ನೊಂದು ರಗಳೆ. ಜೋಳದ ರೊಟ್ಟಿ ಅಗಿದರೆ ದವಡೆಯ ಎಳೆತ ಕಣ್ಣಿಗೆ ತಟ್ಟುತ್ತದೆಂದು ರೊಟ್ಟಿ ನಿಷಿದ್ಧ. ಸಜ್ಜಕ, ನುಚ್ಚು-ಮಜ್ಜಿಗೆ, ಮೆತ್ತಗಿನ ಅನ್ನ-ಹಾಲು. ಊರಿನ ತಾಯಂದಿರು ಪಾಳಿ ಹಚ್ಚಿಕೊಂಡು ಮಾಡಿ ತರುತ್ತಿದ್ದರು. ‘ರೊಟ್ಟಿ ಇಲ್ಲದ್ದು ಊಟ ಏನು? ನಾ ಏನು ಹಸುಗೂಸೇನು?’ ಎಂದು ನಮ್ಮ ಆಯಿ ಜಗಳಕ್ಕೆ ನಿಂತಳು. ಬಡಿಸುತ್ತಿದ್ದ ಹೆಣ್ಣುಮಗಳು, ‘ಹೌದಬೇ ಯವ್ವಾ, ಹತ್ತ ದಿನ ಕೂಸ ಆಗು. ಹನ್ನೊಂದನೇ ದಿನ ಖಟಿ ರೊಟ್ಟಿ ನಾನ ತಂದ ಕೊಡತೇನಿ’ ಎಂದಳು. ತಂದೂ ಕೊಟ್ಟಳು. ಆ ಹೆಣ್ಣುಮಗಳು ನಮಗೆ ನೆಂಟಳಲ್ಲ, ನಮ್ಮ ಊರಿನವಳೂ ಅಲ್ಲ.

ಎರಡು ಕಣ್ಣಿಗೂ ಪಟ್ಟಿ ಕಟ್ಟಿರುತ್ತಿದ್ದುದರಿಂದ ಅಲ್ಲಿದ್ದ ನೂರಾರು ಜನ ಕೆಲವು ದಿನ ಪೂರ್ತಿ ಕುರುಡರು. ಯಾರು ನೀರು ಕೊಟ್ಟರು, ಯಾರು ಬಹಿರ್ದೆಸೆಗೆ ಕೈಹಿಡಿದು ಕರೆದೊಯ್ದರು, ಬಲಕ್ಕೆ ಮಲಗಿದವನು ಯಾವ ಓಣಿಯವನು, ಎಡಕ್ಕೆ ಮಲಗಿದವನು ಯಾವ ಓಣಿಯವನು, ಒಂದೂ ಕಾಣದು. ಆಗಿನ ಹಳ್ಳಿಗಳಲ್ಲಿ ಬಾವಿಗೊಂದು ಜಾತಿ, ಹೋಟೆಲಿನಲ್ಲಿ ಕಪ್ಪಿಗೊಂದು ಜಾತಿ ಇದ್ದುದನ್ನು ಮುಚ್ಚಿಡುವುದೇಕೆ? ಸ್ವಯಂಸೇವಕರಲ್ಲಿ ಎಲ್ಲ ಓಣಿಯ ತರುಣರೂ ಇದ್ದರು. ಒಬ್ಬ ಹಿರಿಯರು, ಭೂಮಿಕಾಣಿ ಉಳ್ಳವರು, ನೀರಿನ ತಂಬಿಗೆ ಬಾಯಿಗೆ ಮುಟ್ಟುವ ಮೊದಲು ‘ಯಾರಪಾ ನೀ?’ ಎಂದು ಕೇಳಿದರು. ಆ ತರುಣ, ‘ನೀರ ಕೊಡಾಂವರೀ’ ಎಂದ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕುಡಿದರು. ನಾನು ಬಿಂದಿಗೆ ಹಿಡಿದು ಪಕ್ಕದಲ್ಲಿದ್ದೆ. ಕಣ್ಣು ಬಂದ ಮೇಲೆ ಅವರು ಬದಲಾದರೇ ಎಂದು ತಾವು ಕೇಳಬಹುದು. ಬದಲಾದರೆಂದು ಹೇಳಿದರೆ ಕಥೆ ಚೆನ್ನಾಗುತ್ತದೆ. ಆದರೆ ನಾನು ಅಂಥದ್ದನ್ನೇನೂ ಕಾಣಲಿಲ್ಲ.

ಪಟ್ಟಿ ಬಿಚ್ಚುವ ದಿನದ ಸಂಭ್ರಮವನ್ನು ವರ್ಣಿಸಿದವರು ಬಹಳ ಜನ. ಅದನ್ನು ಬಿಟ್ಟು ಆಮೇಲಿನ ಸಂಗತಿಗೆ ಬರುತ್ತೇನೆ. ನನ್ನ ಮಾತಿನ ತಿರುಳು ಅಲ್ಲಿದೆ. ಮಸೂರವನ್ನೇ ತೆಗೆದುಹಾಕಿದ ಕಣ್ಣಿಗೆ ಬೆಳಕು ಬರುತ್ತದೆ, ಆಕಾರ ಸ್ಪಷ್ಟವಾಗುವುದಿಲ್ಲ. ಅದಕ್ಕೆ ಸೀಸೆಯ ತಳದಂತೆ ದಪ್ಪನೆಯ ಗಾಜಿನ ಕನ್ನಡಕ ಬೇಕು. ಆ ಕನ್ನಡಕದಲ್ಲಿ ಎಲ್ಲ ವಸ್ತುವೂ ಕಾಲುಪಾಲಿನಷ್ಟು ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತದೆ. ಅಂಚಿನಲ್ಲಿ ಏನೂ ಕಾಣದು. ಮೆಟ್ಟಿಲು ಇಳಿಯುವುದು, ಚಹ ಬಗ್ಗಿಸುವುದು ಎಲ್ಲವನ್ನೂ ಮತ್ತೆ ಕಲಿಯಬೇಕು. ನಮ್ಮ ಆಯಿ ಮೂರು ತಿಂಗಳು ಹೊಸ್ತಿಲ ಬಳಿ ಕಾಲನ್ನು ಅನಗತ್ಯವಾಗಿ ಎತ್ತಿ ಇಡುತ್ತಿದ್ದಳು. ಇಷ್ಟಾಗಿಯೂ ಅದು ಬೆಳಕೇ. ಹತ್ತಿಯೊಳಗಿನ ಕಸ ಆರಿಸತೊಡಗಿದಳು, ಮೊಮ್ಮಕ್ಕಳ ಮೂಗು ಯಾರ ಮೂಗಿನಂತಿದೆ ಎಂದು ತೀರ್ಮಾನ ಕೊಡತೊಡಗಿದಳು.

ಆ ಕನ್ನಡಕ ಒಡೆದರೆ? ಒಡೆಯದಿರುತ್ತದೆಯೇ? ಎಮ್ಮೆಯ ಬಾಲ ಬಡಿಯುತ್ತದೆ, ಕೂಸು ಎಳೆಯುತ್ತದೆ, ಮಲಗಿದಾಗ ದಿಂಬಿನ ಕೆಳಗಿಟ್ಟು ಮರೆತುಹೋಗುತ್ತದೆ. ಒಡೆದ ದಿನ ಆ ಮನುಷ್ಯ ಮತ್ತೆ ಕುರುಡ. ಶಸ್ತ್ರಕ್ರಿಯೆ ಮಾಡಿದ ವೈದ್ಯರು ಆ ಹೊತ್ತಿಗೆ ಬೇರೊಂದು ಜಿಲ್ಲೆಯಲ್ಲಿದ್ದಾರೆ, ಶಿಬಿರ ಕಿತ್ತು ವರ್ಷವಾಗಿದೆ, ಪುಸ್ತಕದಲ್ಲಿ ‘ಕಣ್ಣು ಬಂದವರು’ ಎಂಬ ಕಾಲಮಿನಲ್ಲಿ ಆತನ ಹೆಸರು ಭದ್ರವಾಗಿದೆ. ಆದರೆ ಆತ ಗೋಡೆ ಸವರಿಕೊಂಡು ನಡೆಯುತ್ತಿದ್ದಾನೆ. ನಮ್ಮ ಶಿಬಿರದ ಕಾರ್ಯಕರ್ತರಲ್ಲಿ ಒಬ್ಬ ಕಿರಾಣಿ ಅಂಗಡಿಯವರಿದ್ದರು. ಅವರು ಮಾತ್ರ ಶಿಬಿರ ಮುಗಿದ ಮೇಲೂ ಆ ಹೆಸರುಗಳ ಯಾದಿಯನ್ನು ಬಿಡಲಿಲ್ಲ. ಪ್ರತಿಯೊಬ್ಬರ ಕನ್ನಡಕದ ನಂಬರನ್ನು ಉದ್ರಿಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಂಡಿದ್ದರು. ಕಾರ್ಡು ಬಂದರೆ ಬಾಗಲಕೋಟೆಗೋ ಹುಬ್ಬಳ್ಳಿಗೋ ಹೋದಾಗ ಮಾಡಿಸಿ ತರುತ್ತಿದ್ದರು. ಅವರು ಒಮ್ಮೆ ನನ್ನ ತಂದೆಯವರಿಗೆ ಹೇಳಿದ ಮಾತು ನನಗೆ ನೆನಪಿದೆ: ‘ಊಟಕ್ಕ ಕೇಳಿದ್ರ ಚೀಲಗಟ್ಟಲೆ ಗೋದಿ ಬರ್ತಾವ್ರಿ. ಕನ್ನಡಕಕ್ಕ ಅಂದ್ರ ಮುಖ ತಿರಗಸ್ತಾರ.’ ಅನ್ನದಾನಕ್ಕೆ ಪುಣ್ಯವುಂಟೆಂದು ಪುರಾಣ ಹೇಳುತ್ತದೆ; ಗಾಜುದಾನಕ್ಕೆ ಪುರಾಣವಿಲ್ಲ!

ಶಿಬಿರಗಳನ್ನು ಹೊಗಳುವವರ ಜೊತೆಗೆ ತೆಗಳುವವರೂ ಆಗಲೇ ಇದ್ದರು. ಶಾಲೆಯ ಕೋಣೆ ಎಷ್ಟು ತಿಕ್ಕಿದರೂ ಶಾಲೆಯ ಕೋಣೆಯೇ, ಅವಸರದಲ್ಲಿ ಎಚ್ಚರ ತಪ್ಪುತ್ತದೆ, ಸಂಖ್ಯೆಯ ಮೋಹದಲ್ಲಿ ಮನುಷ್ಯ ಮರೆಯಾಗುತ್ತಾನೆ ಎಂಬ ಆಕ್ಷೇಪಗಳು. ಇವು ಪೊಳ್ಳು ಮಾತುಗಳಲ್ಲ. ಸೋಂಕು ತಗುಲಿ ಇದ್ದ ಮಬ್ಬು ಬೆಳಕನ್ನೂ ಕಳೆದುಕೊಂಡವರ ಸುದ್ದಿಗಳು ದೇಶದ ನಾನಾ ಭಾಗಗಳಿಂದ ಬಂದವು. ಆದರೆ ತೂಗಿ ನೋಡುವಾಗ ಇನ್ನೊಂದು ತಟ್ಟೆಯಲ್ಲಿ ಏನಿತ್ತೆಂಬುದನ್ನೂ ನೋಡಬೇಕು. ಆಗ ನಮ್ಮ ತಾಲೂಕಿನ ಮುದುಕಿಗೆ ಒಳ್ಳೆಯ ಆಸ್ಪತ್ರೆಗೂ ಶಿಬಿರಕ್ಕೂ ನಡುವೆ ಆಯ್ಕೆ ಇರಲಿಲ್ಲ. ಶಿಬಿರಕ್ಕೂ ಕತ್ತಲೆಗೂ ನಡುವೆ ಇತ್ತು.

ಕಾಲ ಬದಲಾಯಿತು. ಭಾರತ ಸರಕಾರ 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಅದೇ ವರ್ಷ ಮಧುರೆಯಲ್ಲಿ ಡಾ. ಗೋವಿಂದಪ್ಪ ವೆಂಕಟಸ್ವಾಮಿಯವರು ಹನ್ನೊಂದು ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ತೆರೆದರು. ಹಣ ಕೊಡಬಲ್ಲವರಿಂದ ಪಡೆದು ಕೊಡಲಾರದವರಿಗೆ ಉಚಿತವಾಗಿ ಮಾಡುವ ಅವರ ಕ್ರಮ ಲೋಕಪ್ರಸಿದ್ಧವಾಯಿತು. ಕಣ್ಣಿನೊಳಗೇ ಕೃತಕ ಮಸೂರವನ್ನಿಡುವ ವಿದ್ಯೆಯನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲೇ ತೋರಿಸಿದ್ದರೂ ಅದು ನಮ್ಮ ಬಡವರವರೆಗೆ ಬರಲು ನಾಲ್ಕು ದಶಕಗಳಿಗಿಂತ ಹೆಚ್ಚು ಬೇಕಾದವು. 1992ರಲ್ಲಿ ಮಧುರೆಯಲ್ಲೇ ಮಸೂರಗಳ ತಯಾರಿಕೆ ಆರಂಭವಾದ ಮೇಲೆ ಬೆಲೆ ಇಳಿಯಿತು. ಆ ಮಸೂರ ಎಮ್ಮೆಯ ಬಾಲಕ್ಕೆ ಒಡೆಯುವುದಿಲ್ಲ! ಕಿರಾಣಿ ಅಂಗಡಿಯವರ ಯಾದಿಯ ಕೆಲಸ ಅಲ್ಲಿಗೆ ಮುಗಿಯಿತು. ಶಸ್ತ್ರಕ್ರಿಯೆಯನ್ನು ಶಾಲೆ, ಛತ್ರಗಳಲ್ಲಿ ಮಾಡಕೂಡದು, ಊರಲ್ಲಿ ತಪಾಸಣೆ ಮಾತ್ರ ನಡೆಸಿ ಆರಿಸಿದವರನ್ನು ಆಸ್ಪತ್ರೆಗೇ ಒಯ್ಯಬೇಕು ಎಂಬ ಕ್ರಮ ಮೆಲ್ಲಗೆ ನೆಲೆಗೊಂಡಿತು. 1980ರ ದಶಕದ ಕೊನೆಯ ಸಮೀಕ್ಷೆಯಲ್ಲಿ ದೇಶದಲ್ಲಿ ನೂರಕ್ಕೆ 1.49ರಷ್ಟಿದ್ದ ಕುರುಡು, 2015ರಿಂದ 2019ರವರೆಗಿನ ಸಮೀಕ್ಷೆಯಲ್ಲಿ 0.36 ಎಂದು ಬಂದಿದೆ. ಕುರುಡೆಂದು ಎಣಿಸುವ ಅಳತೆ ನಡುವೆ ಬದಲಾದುದರಿಂದ ಈ ಎರಡನ್ನು ನೇರವಾಗಿ ಪಕ್ಕಪಕ್ಕಕ್ಕಿಡುವುದು ಸರಿಯಲ್ಲ. ಆದರೂ ಇಳಿದದ್ದು ನಿಜ. ಹೀಗಿದ್ದೂ ಐವತ್ತು ದಾಟಿದವರಲ್ಲಿ ಕುರುಡಿಗೆ ಮೊದಲ ಕಾರಣ ಇಂದಿಗೂ ಪೊರೆಯೇ. ಮೂರರಲ್ಲಿ ಎರಡು ಪಾಲು ಅದರದೇ. ತೆಗೆಯಬಹುದಾದ ಕತ್ತಲೆಯನ್ನು ಹೊತ್ತುಕೊಂಡು ಇಷ್ಟು ಜನ ಕುಳಿತಿದ್ದಾರೆ.

ಏಕೆ ಕುಳಿತಿದ್ದಾರೆ? ಶಸ್ತ್ರಕ್ರಿಯೆ ಉಚಿತ, ಮಸೂರ ಉಚಿತ, ಆಸ್ಪತ್ರೆಯ ವಾಹನ ಊರ ಮುಂದೆಯೇ ಬರುತ್ತದೆ, ಮರುದಿನ ತಂದು ಬಿಡುತ್ತದೆ. ಹತ್ತು ದಿನದ ಸೆರೆವಾಸವಿಲ್ಲ, ನಶ್ಯದ ಡಬ್ಬಿಯ ಜಪ್ತಿಯಿಲ್ಲ. ಉತ್ತರ ಬೇಕಾದರೆ ನಮ್ಮ ಕಡೆಯ ಆಶಾ ಕಾರ್ಯಕರ್ತೆಯರನ್ನು ಕೇಳಬೇಕು. ಈಗ ಊರುಮಟ್ಟದಲ್ಲಿ ಧರ್ಮಾರ್ಥ ದವಾಖಾನೆಯನ್ನು ನಡೆಸುವವರೆಂದರೆ ಬಹುಮಟ್ಟಿಗೆ ಇವರೇ. ಬಸುರಿ, ಬಾಣಂತಿ, ಕೂಸಿನ ಲಸಿಕೆ, ಕ್ಷಯದ ಗುಳಿಗೆ ಎಲ್ಲವನ್ನೂ ನೋಡಿಕೊಂಡು, ಸಣ್ಣ ಗೌರವಧನಕ್ಕೆ ಮನೆಮನೆ ತಿರುಗುವ ಈ ಹೆಣ್ಣುಮಕ್ಕಳ ವಹಿಯಲ್ಲಿ ಕಣ್ಣಿನವರ ಹೆಸರೂ ಇರುತ್ತದೆ. ನಮ್ಮ ಹತ್ತಿರದ ಊರೊಂದರ ಕಾರ್ಯಕರ್ತೆ ನನಗೆ ತನ್ನ ವಹಿ ತೋರಿಸಿದಳು. ಅವಳು ಒಂದಾನೊಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ, ಅಕ್ಷರ ಈಗಲೂ ದುಂಡಗಿದೆ. ಒಂದು ಹೆಸರಿನ ಮುಂದೆ ಮೂರು ಸಲ ‘ಬಂದಿಲ್ಲ’ ಎಂದಿತ್ತು.

‘ಯಾಕ ಬರಲಿಲ್ಲಬೇ ತಂಗೀ?’ ಎಂದೆ.

‘ಸರ್, ಮೊದಲನೇ ಸಲ ಮಗಾ ಸೊಸಿ ಇಬ್ಬರೂ ಕಬ್ಬ ಕಡಿಯಾಕ ಹೋಗಿದ್ರು. ಸಂಗಾಟ ಒಬ್ಬರು ಬೇಕಲ್ರೀ? ಎರಡನೇ ಸಲ ಮೊಮ್ಮಗಗ ಜ್ವರಾ. ಮೂರನೇ ಸಲ ಆಕಿನ ಒಲ್ಲೆ ಅಂದ್ಲು. ನನ್ನ ಕಣ್ಣ ಬಂದ ಯಾರಿಗೇನ ಆಗೋದೈತಿ, ಮುದುಕಪ್ಪಗ ಮಾಡಸ್ರಿ ಅಂದ್ಲು.’

ಈ ಉತ್ತರವನ್ನು ಶ್ರೋತೃಗಳು ಸ್ವಲ್ಪ ನಿಧಾನವಾಗಿ ನೋಡಬೇಕು. ಜಮಖಂಡಿ, ಮುಧೋಳ, ಬೀಳಗಿಗಳಿಗೆ ನೀರಾವರಿ ಬಂದು ಕಬ್ಬು ಬಂದಿತು. ಕಾರ್ಖಾನೆಗಳು ನುರಿಸುವ ಕಾಲವೂ ಚಳಿಗಾಲವೇ. ಹಿಂದೆ ಶಿಬಿರಕ್ಕೆ ಅನುಕೂಲವಾಗಿದ್ದ ತಿಂಗಳುಗಳೇ ಇಂದು ಜನ ಮನೆಯಲ್ಲಿಲ್ಲದ ತಿಂಗಳುಗಳಾಗಿವೆ. ರಬಕವಿ-ಬನಹಟ್ಟಿಗಳ ನೇಕಾರರ ಮನೆಗಳಲ್ಲೂ ಇದೇ ಬಿಕ್ಕಟ್ಟು: ಮಗ್ಗ ಬಿಟ್ಟು ಒಂದು ದಿನ ಹೋದರೆ ಆ ದಿನದ ಕೂಲಿ ಹೋಯಿತು. ಎಂದ ಮೇಲೆ ಉಚಿತ ಎಂಬ ಮಾತು ಆಸ್ಪತ್ರೆಯ ಬಾಗಿಲವರೆಗೆ ಮಾತ್ರ ಸತ್ಯ. ಬಾಗಿಲವರೆಗೆ ಕರೆದೊಯ್ಯುವವನ ದಿನಗೂಲಿ ಯಾರ ಲೆಕ್ಕದಲ್ಲೂ ಇಲ್ಲ. ಹಿಂದಿನ ಶಿಬಿರದಲ್ಲಿ ಆ ಖರ್ಚನ್ನು ಊರು ಹಂಚಿಕೊಂಡಿತ್ತು. ಬಂದ ಮುದುಕಿಯ ಜೊತೆಗೆ ಮನೆಯವರಿಲ್ಲದಿದ್ದರೂ ಸಜ್ಜಕ ಬಡಿಸುವ ಹೆಣ್ಣುಮಗಳೊಬ್ಬಳಿದ್ದಳು. ಶಸ್ತ್ರಕ್ರಿಯೆ ನಿರ್ಭಯವಾದಂತೆ ಊರವರಿಗೆ ಕೆಲಸವಿಲ್ಲವಾಯಿತು. ಇದು ವೈದ್ಯರ ತಪ್ಪಲ್ಲ. ಹೆಂಗಸರು ಗಂಡಸರಿಗಿಂತ ತಡವಾಗಿ, ಎರಡೂ ಕಣ್ಣು ಪೂರ್ತಿ ಹೋದ ಮೇಲೆ ಬರುತ್ತಾರೆಂದು ವೈದ್ಯರೇ ಹೇಳುತ್ತಾರೆ. ‘ಮುದುಕಪ್ಪಗ ಮಾಡಸ್ರಿ’ ಎಂಬುದು ಆ ಒಬ್ಬ ಮುದುಕಿಯ ಮಾತು ಮಾತ್ರವಲ್ಲ.

ನನ್ನ ಹಳೆಯ ವಿದ್ಯಾರ್ಥಿನಿ ಈ ಗಂಟನ್ನು ಬಿಡಿಸಿದ ರೀತಿಯನ್ನು ಹೇಳುತ್ತೇನೆ. ಅವಳು ಸರಕಾರಕ್ಕೆ ಅರ್ಜಿ ಬರೆಯಲಿಲ್ಲ, ದಾನಿಗಳನ್ನು ಹುಡುಕಲಿಲ್ಲ. ಈ ಮೊದಲೇ ಕಣ್ಣು ಮಾಡಿಸಿಕೊಂಡು ಬಂದಿದ್ದ ಮೂವರು ಮುದುಕಿಯರನ್ನು ಹಿಡಿದಳು. ಹೊಲಕ್ಕೆ ಹೋಗುವ ವಯಸ್ಸಲ್ಲ, ಮನೆಯಲ್ಲಿ ಕಟ್ಟಿಹಾಕುವಷ್ಟು ಕೆಲಸವೂ ಇಲ್ಲ. ಆಸ್ಪತ್ರೆಯ ದಾರಿ ಗೊತ್ತು, ಎಲ್ಲಿ ಹೆಬ್ಬೆಟ್ಟು ಒತ್ತಬೇಕು, ಎಲ್ಲಿ ಕೂರಬೇಕು, ಸೂಜಿ ಎಷ್ಟು ನೋಯುತ್ತದೆ, ಎಲ್ಲವೂ ಗೊತ್ತು. ಪ್ರತಿ ಸಲ ಗಾಡಿ ಬಂದಾಗ ಅವರಲ್ಲಿ ಒಬ್ಬಳು ಸಂಗಾಟ ಹೋಗುತ್ತಾಳೆ. ರಾತ್ರಿ ವಾರ್ಡಿನಲ್ಲಿ ಮಲಗುತ್ತಾಳೆ, ಹನಿ ಹಾಕುವ ಹೊತ್ತನ್ನು ನೆನಪಿಡುತ್ತಾಳೆ, ವಾಪಸು ಬಂದ ಮೇಲೆ ಒಂದು ವಾರ ಬೆಳಿಗ್ಗೆ ಸಂಜೆ ಮನೆಗೆ ಹೋಗಿ ತಾನೇ ಹನಿ ಬಿಡುತ್ತಾಳೆ. ಮೂರು ಸಲ ‘ಬಂದಿಲ್ಲ’ ಎಂದಿದ್ದ ಹೆಸರಿನ ಮನೆಗೂ ಅವರಲ್ಲೊಬ್ಬಳು ಹೋಗಿ, ‘ಏಳ ಎದ್ದೇಳ, ಸೀರಿ ಉಡು, ನಾ ಬರತೇನಿ ನಿನ್ನ ಸಂಗಾಟ’ ಎಂದಳಂತೆ. ವಹಿಯಲ್ಲಿ ನಾಲ್ಕನೆಯ ಸಲದ ಮನೆ ತುಂಬಿದೆ. ಎಡಗಣ್ಣು ಆಯಿತು, ಬಲಗಣ್ಣಿಗೆ ಕಾರ್ತೀಕದ ನಂತರ ಎಂದು ಬರೆದಿದೆ.